ಗಿರಣಿ ಬೆಕ್ಕಿನ ನೀರು

ಬಾಗಲಕೋಟೆಯ ಹಳೇ ಊರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಅಂಗಳ. ಸೊಸೆಯಾಗಿ ಆ ಮನೆಗೆ ಕಾಲಿಟ್ಟ ವಾರದಿಂದಲೇ ನನ್ನ ರೆಪ್ಪೆ, ಹುಬ್ಬು, ಸೆರಗು ಎಲ್ಲವೂ ಜೋಳದ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಇಪ್ಪತ್ತೈದು ವರ್ಷ ಕಳೆದು ನಿಜವಾಗಿಯೂ ಕೂದಲು ಬೆಳ್ಳಗಾದಾಗ ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗಿರಣಿಯಿಂದ ನನಗಾದ ಲಾಭಗಳಲ್ಲಿ ಅದೂ ಒಂದು.

ಗಿರಣಿ ಇದ್ದಲ್ಲಿ ಹಿಟ್ಟು, ಹಿಟ್ಟು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹಾಗೆ ಬಂದು ಸೇರಿಕೊಂಡಿದ್ದ ಒಂದು ಹೆಣ್ಣು ಬೆಕ್ಕಿನ ಕಥೆ ಇದು. ಬೂದಿ ಬಣ್ಣದ ಮೈ, ಒಂದು ಕಿವಿಯ ತುದಿ ಹರಿದಿತ್ತು. ಅದನ್ನು ಸಾಕಿದ್ದೆವು ಎಂದರೆ ಸುಳ್ಳಾಗುತ್ತದೆ. ಒಳಮನೆಗೆ ಬಂದರೆ ನಾನೇ ಕಸಬರಿಗೆ ಎತ್ತುತ್ತಿದ್ದೆ. ಅದಕ್ಕೆ ಹೆಸರಿಟ್ಟಿರಲಿಲ್ಲ, ಹಿಟ್ಟು ಬೀಸಿಸಲು ಬಂದವರು ಗಿರಣಿ ಬೆಕ್ಕು ಎನ್ನುತ್ತಿದ್ದರು, ನಾವೂ ಅದನ್ನೇ ಅನ್ನುತ್ತಿದ್ದೆವು. ಹಗಲು ಓಣಿಯ ಗೋಡೆಗಳ ಮೇಲೆ ಅದರ ತಿರುಗಾಟ. ಗಿರಣಿ ಬಂದಾದ ಮೇಲೆ ಚೀಲಗಳ ಸಂದಿಯಲ್ಲಿ ಅದರ ದುಡಿಮೆ. ಬೆಳಿಗ್ಗೆ ನಾನು ಗಿರಣಿಯ ಬಾಗಿಲು ತೆಗೆದಾಗ ಬೆಲ್ಟಿನ ಕೆಳಗೆ ಒಂದು ಇಲಿಯ ಬಾಲ ಬಿದ್ದಿದ್ದರೆ ಲೆಕ್ಕ ಚುಕ್ತಾ.

ಅದು ನೀರು ಎಲ್ಲಿ ಕುಡಿಯುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅಂಗಳದಲ್ಲಿ ನಳದ ಕೆಳಗೆ ನೀರು ತುಂಬುವ ಒಂದು ಕಲ್ಲಿನ ದೋಣಿ ಇತ್ತು, ನಳ ಯಾವಾಗಲೂ ಹನಿಯುತ್ತಿತ್ತು. ದೋಣಿಯ ಅಂಚಿನ ಮೇಲೆ ಮುಂಗಾಲು ಊರಿ ಕುಡಿಯುತ್ತಿದ್ದುದನ್ನು ಕಂಡಿದ್ದೆ, ಅಷ್ಟೇ. ನೀರು ಇರುವ ಮನೆಯಲ್ಲಿ ಯಾರು ಎಲ್ಲಿ ಕುಡಿದರು ಎಂದು ನೋಡುವವರು ಯಾರು?

ನಮ್ಮ ಓಣಿ ಮುಳುಗಡೆಯ ಪಟ್ಟಿಗೆ ಸೇರಿತು. ನಮ್ಮೂರಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಊರು ನಮಗಿಂತ ಮೊದಲೇ ನವನಗರಕ್ಕೆ ಹೋಗಿತ್ತು. ಅಣೆಕಟ್ಟಿನ ಹಿನ್ನೀರು ಮೇಲೇರುತ್ತದೆ, ನಾವು ಬಿಡಬೇಕು. ನವನಗರದಲ್ಲಿ ನಿವೇಶನ ಸಿಕ್ಕಿತು, ಮನೆ ಎದ್ದಿತು, ಗಿರಣಿಗೆಂದು ಮುಂದೆ ಒಂದು ಕೋಣೆಯೂ ಆಯಿತು. ಮಾಘ ಮಾಸದ ಒಂದು ಸೋಮವಾರ ಹೊರಟೆವು. ಹಳೇ ಮನೆಯ ಸಾಗವಾನಿ ಬಾಗಿಲು, ಕಿಟಕಿ, ಚೌಕಟ್ಟು ಎಲ್ಲವನ್ನೂ ಕಿತ್ತು ಲಾರಿಗೆ ಹೇರಿದ್ದೆವು. ಬಾಗಿಲು ಕಿತ್ತ ಮನೆಯನ್ನು ನೋಡಲಾಗುವುದಿಲ್ಲ. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ.

ನಮ್ಮತ್ತೆಯ ತವರು ಕಮತಗಿ. ಅಲ್ಲಿಂದ ಅವರು ತಂದ ನಂಬಿಕೆಗಳಿಗೆ ಲೆಕ್ಕವಿಲ್ಲ. ಹೊಸ ಮನೆಗೆ ಹೋಗುವಾಗ ತುಂಬಿದ ಕೊಡ ಒಯ್ಯಬೇಕು, ಅದು ಎಲ್ಲರಿಗೂ ಗೊತ್ತು. ಬಿಡುವ ಮನೆಗೂ ಅವರದೊಂದು ಕಟ್ಟಳೆ ಇತ್ತು. ಲಾರಿ ಹೊರಡುವ ಮುನ್ನ ಅವರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಹಂಡೆ ಚೆಲ್ಲಿದರು, ಕೊಡ ಚೆಲ್ಲಿದರು, ಮೂಲೆಯಲ್ಲಿ ಉಳಿದಿದ್ದ ಒಡಕು ಗಡಿಗೆಯ ನೀರನ್ನೂ ಬಿಡಲಿಲ್ಲ.

"ಬಿಟ್ಟ ಮನ್ಯಾಗ ನೀರ ಉಳಿಸಿ ಹೋಗಬಾರ್ದು. ನೀರ ಉಳೀತಂದ್ರ ಋಣ ಉಳಿತೈತಿ. ಋಣ ಉಳೀತಂದ್ರ ಜೀವ ಹಿಂದಕ್ಕ ಎಳಿತೈತಿ" ಎಂದರು. ಹಮಾಲರಿಬ್ಬರನ್ನು ಕರೆದು ಕಲ್ಲಿನ ದೋಣಿಯನ್ನೂ ಬೋರಲು ಹಾಕಿಸಿದರು. ನಳದ ನೀರು ಹಿಂದಿನ ದಿನವೇ ನಿಂತಿತ್ತು.

"ಯಾರೂ ತಿರುಗಿ ನೋಡಬ್ಯಾಡ್ರಿ" ಎಂದು ಅವರೇ ಮೊದಲು ಲಾರಿ ಹತ್ತಿ ಮುಂದೆ ಮುಖ ಮಾಡಿ ಕುಳಿತರು. ನಾನು ಜನ್ಮದಲ್ಲಿ ಅತ್ತೆಯ ಮಾತನ್ನು ಪೂರ್ತಿ ಕೇಳಿದವಳಲ್ಲ. ತಿರುಗಿ ನೋಡಿದೆ. ಪಕ್ಕದ ಮನೆಯ ಗೋಡೆಯ ಮೇಲೆ ಬೆಕ್ಕು ಕುಳಿತಿತ್ತು. ಅದು ನಮ್ಮನ್ನು ನೋಡುತ್ತಿರಲಿಲ್ಲ, ಬೋರಲು ಬಿದ್ದ ದೋಣಿಯನ್ನು ನೋಡುತ್ತಿತ್ತು. ಆಗ ನನಗೆ ಅದು ಅರ್ಥವಾಗಲಿಲ್ಲ.

ಬೆಕ್ಕನ್ನು ಬಿಟ್ಟು ಬಂದಿರಲಿಲ್ಲ, ಅದನ್ನೂ ಹೇಳಬೇಕು. ಎರಡು ದಿನದ ನಂತರ ನನ್ನ ಗಂಡ ಹೋಗಿ ಅದನ್ನು ಹಿಡಿದರು. ಬೆಕ್ಕಿಗೆ ದಾರಿ ತಿಳಿಯಬಾರದು, ಅದಕ್ಕೆ ಚೀಲದಲ್ಲಿ ಹಾಕಬೇಕು, ಮೂರು ಹಾದಿ ಕೂಡುವಲ್ಲಿ ಚೀಲವನ್ನು ಮೂರು ಸುತ್ತು ತಿರುಗಿಸಬೇಕು. ಅವರಿಗೆ ಇದನ್ನು ಯಾರು ಕಲಿಸಿದರೋ. ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಅರವತ್ತರ ಹತ್ತಿರದ ಮನುಷ್ಯ ಹಿಟ್ಟಿನ ಚೀಲ ಹಿಡಿದು ಗರಗರ ತಿರುಗಿದರಂತೆ. ಜನ ನಿಂತು ನೋಡಿದರಂತೆ. ತಲೆ ತಿರುಗಿದ್ದು ಅವರಿಗೇ ಹೊರತು ಬೆಕ್ಕಿಗಲ್ಲ. ಬೆಕ್ಕು ಹೊಸ ಗಿರಣಿ ಕೋಣೆಯಲ್ಲಿ ಎರಡು ದಿನ ಇತ್ತು, ಮೂರನೆಯ ದಿನ ಬಾಗಿಲ ಸಂದಿಯಿಂದ ಪರಾರಿ.

"ಹೋತಂದ್ರ ಹೋತು. ನಾಯಿ ಮನಷ್ಯಾರ್ನ ನಂಬ್ತೈತಿ, ಬೆಕ್ಕ ಮನಿ ನಂಬ್ತೈತಿ" ಎಂದರು ಅತ್ತೆ. ಹಳೇ ಮನೆಯ ಸುದ್ದಿಯನ್ನು ಅವರು ಆಡಿದ್ದು ಅದೇ ಕೊನೆ. ಆಮೇಲೆ ಯಾರಾದರೂ ಅದರ ಮಾತು ತೆಗೆದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ನವನಗರದಲ್ಲಿ ರಸ್ತೆ ಅಗಲ, ಗಾಳಿ ಬಹಳ, ನಳಕ್ಕೆ ನೀರು ಬರುತ್ತದೆ. ಆದರೆ ಮನೆಯಿಂದ ಹೊರಗೆ ಬಂದರೆ ಯಾರ ಕಟ್ಟೆಯೂ ಕಾಲಿಗೆ ಎಡವುವುದಿಲ್ಲ. ಹಳೇ ಓಣಿಯಲ್ಲಿ ನಾನು ಒಗ್ಗರಣೆ ಹಾಕಿದರೆ ಮೂರು ಮನೆಯವರು ಸೀನುತ್ತಿದ್ದರು. ಇಲ್ಲಿ ಸೆಕ್ಟರಿನ ನಂಬರು ಹೇಳಿದರೆ ಮಾತ್ರ ನಾನು ಯಾರೆಂದು ತಿಳಿಯುತ್ತದೆ. ಓಣಿಯವರೆಲ್ಲ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿಹೋದರು. ಮನೆಗೆಲಸ ಮುಗಿಸಿ ಕುಳಿತರೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿತ್ತು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಚಪ್ಪಲಿ ಬಿಡುತ್ತಿದ್ದೆ. ನನಗೆ ಹಳೇ ಮನೆ ಬೇಕಾಗಿತ್ತು. ಹೀಗೆ ನೇರವಾಗಿ ಯಾರ ಮುಂದೆಯೂ ಹೇಳಿರಲಿಲ್ಲ. ಹೊಸ ಮನೆ ಕಟ್ಟಿಸಿಕೊಂಡವಳು ಅಳುವುದು ಚೆಂದವೇ?

ಹದಿನೈದು ದಿನ ಕಳೆದ ಮೇಲೆ, ಏನೋ ಒಂದು ಕಾಗದ ಅಲ್ಲೇ ಗೋಡೆಯ ಗೂಡಿನಲ್ಲಿ ಉಳಿದಿರಬಹುದೆಂದು ನೆಪ ಹೇಳಿ ಹಳೇ ಊರಿಗೆ ಹೋದೆ. ಕಾಗದ ಮನೆಯ ಟ್ರಂಕಿನಲ್ಲಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮ ಕಟ್ಟೆಯ ಮೇಲೆ ಬೆಕ್ಕು ಕುಳಿತಿತ್ತು. ಪಕ್ಕೆಲುಬು ಎಣಿಸಬಹುದಾಗಿತ್ತು. ನನ್ನನ್ನು ಕಂಡು ಎದ್ದು ಬಂದು ಕಾಲಿಗೆ ಮೈ ತಿಕ್ಕಿತು. ಇಷ್ಟು ವರ್ಷದಲ್ಲಿ ಅದು ಹಾಗೆ ಮಾಡಿದ್ದು ಅದೇ ಮೊದಲು. ನವನಗರದಿಂದ ಅಷ್ಟು ದೂರ ರಸ್ತೆ, ಲಾರಿ, ನಾಯಿಗಳನ್ನೆಲ್ಲ ದಾಟಿ ಹೇಗೆ ಬಂತೋ. ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ನನಗೆ ಬೇಕಾದ್ದನ್ನು ಅದು ಮಾಡಿಬಿಟ್ಟಿತ್ತು.

ಅಂದಿನಿಂದ ದಿನವೂ ಹೋಗತೊಡಗಿದೆ. ಬೆಳಗಿನ ಬೀಸುವಿಕೆ ಮುಗಿದು ಕರೆಂಟು ಹೋಗುವ ಹೊತ್ತಿಗೆ ಟಂಟಂ ಆಟೋ ಹತ್ತಿ, ಒಂದು ಡಬ್ಬಿಯಲ್ಲಿ ಹಾಲು, ಒಂದು ಕಾಗದದಲ್ಲಿ ಒಣ ರೊಟ್ಟಿ. ಗಂಡನಿಗೆ ದವಾಖಾನೆ ಎಂದು ಒಂದು ದಿನ, ಗೆಳತಿಯ ಮನೆ ಎಂದು ಒಂದು ದಿನ ಹೇಳಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ತಿಳಿಯುವುದಿಲ್ಲವೇ? ನಾಲ್ಕನೆಯ ದಿನ ಅವರೇ ಕೇಳಿದರು.

"ಬೆಕ್ಕಿಗಿ ಹಾಲ ಒಯ್ಯಾಕತ್ತಿ ಏನ?"

"ಹೌದ್ರಿ."

"ಗಿರಣ್ಯಾಗ ಇಲಿ ಹಿಡದು ನಮ್ಮ ಅನ್ನ ಉಳಿಸೇತಿ. ಒಯ್ಯಿ. ಸುಳ್ಳ ಯಾಕ ಹೇಳ್ತಿ?"

ನಮ್ಮ ಕಡೆ ಬೆಕ್ಕು ಅಂದರೆ ಹಾಲು. ಬೆಕ್ಕಿಗೆ ನೀರಿಟ್ಟವರನ್ನು ನಾನು ಕಂಡಿರಲಿಲ್ಲ. ಹಾಲಿಟ್ಟೆವೆಂದರೆ ಪುಣ್ಯವೂ ಬಂತು, ಹೊಟ್ಟೆಯೂ ತುಂಬಿತು, ದಾಹವೂ ತೀರಿತು. ಶಿವರಾತ್ರಿ ಕಳೆಯಿತು, ಬಿಸಿಲು ಏರಿತು. ನಮ್ಮೂರ ಬಿಸಿಲಿನ ವರ್ಣನೆ ಬೇಡ. ಮಧ್ಯಾಹ್ನ ಸ್ಟೀಲಿನ ಬಟ್ಟಲು ಮುಟ್ಟಿದರೆ ಬೆರಳು ಹಿಂದಕ್ಕೆ ಬರುತ್ತದೆ. ನಾನು ಇಟ್ಟು ಬಂದ ಹಾಲು ಗಂಟೆಯೊಳಗೆ ಒಡೆದು ಹುಳಿ ನಾರುತ್ತಿತ್ತು. ಮರುದಿನ ಹೋದರೆ ಬಟ್ಟಲಲ್ಲಿ ಹಳದಿ ಗಟ್ಟಿ, ಅದರ ಮೇಲೆ ಇರುವೆ. ಬೆಕ್ಕು ಅಷ್ಟಿಷ್ಟು ಕುಡಿದು ಭೇದಿ ಮಾಡಿಕೊಳ್ಳುತ್ತಿತ್ತು. ನಾನು ಅದಕ್ಕೆ ಹೊಟ್ಟೆ ಕೆಟ್ಟಿದೆ ಎಂದು ಇನ್ನಷ್ಟು ಹಾಲು ಒಯ್ದೆ. ಬುದ್ಧಿ ಇದ್ದವರು ಮಾಡುವ ಕೆಲಸ.

ಏಪ್ರಿಲಿನಲ್ಲಿ ಇಳಕಲ್ಲಿನಲ್ಲಿ ನನ್ನ ಅಣ್ಣನ ಮಗಳ ಮದುವೆ. ಎರಡು ದಿನ ಹಳೇ ಊರಿಗೆ ಹೋಗಲಾಗಲಿಲ್ಲ. ಅಕ್ಷತೆಯ ಅಕ್ಕಿಕಾಳು ಬಿದ್ದ ಕೂಡಲೇ ಊಟವನ್ನೂ ಮಾಡದೆ ಹೊರಟುಬಿಟ್ಟೆ ಎಂದು ನನ್ನ ಅತ್ತಿಗೆ ಇನ್ನೂ ಆಡಿಕೊಳ್ಳುತ್ತಾಳೆ. ಬಸ್ಸಿನಿಂದಿಳಿದವಳು ನೇರವಾಗಿ ಅಲ್ಲಿಗೇ ಹೋದೆ.

ಬೆಕ್ಕು ಕಟ್ಟೆಯ ಮೇಲಿರಲಿಲ್ಲ. ಗೋಡೆಯ ಮೇಲೂ ಇರಲಿಲ್ಲ. ಅಂಗಳಕ್ಕೆ ಹೋದರೆ ಬೋರಲು ದೋಣಿಯ ನೆರಳಲ್ಲಿ, ಎರಡು ಗೇಣು ನೆರಳಿನಲ್ಲಿ, ಉದ್ದಕ್ಕೆ ಬಿದ್ದಿತ್ತು. ದೋಣಿಯ ಅಂಚಿನ ಕೆಳಗೆ ಉಗುರಿನಿಂದ ಮಣ್ಣು ಕೆರೆದ ಗುರುತು. ಒಳಗೆ ನೀರಿದೆ ಎಂದುಕೊಂಡಿತ್ತೇನೋ. ಕಣ್ಣು ಗುಳಿ ಬಿದ್ದಿದ್ದವು. ಬಾಯಿ ಅರ್ಧ ತೆರೆದು ಏದುಸಿರು ಬಿಡುತ್ತಿತ್ತು. ಆ ದೋಣಿಯನ್ನು ಎತ್ತಲು ಹೋದೆ, ಅದು ಅಲುಗಾಡಲಿಲ್ಲ. ಮದುವೆಯ ರೇಷ್ಮೆ ಸೀರೆಯ ಸೆರಗಿನಲ್ಲೇ ಬೆಕ್ಕನ್ನು ಸುತ್ತಿಕೊಂಡು ದನದ ದವಾಖಾನೆಗೆ ಓಡಿದೆ.

ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಬೆಕ್ಕಿನ ಹೆಗಲ ಚರ್ಮವನ್ನು ಚಿವುಟಿ ಬಿಟ್ಟರು. ಎತ್ತಿದ ಚರ್ಮ ಎತ್ತಿದಂತೆಯೇ ನಿಂತಿತು. ಒಸಡನ್ನು ಬೆರಳಿಂದ ಮುಟ್ಟಿ ನೋಡಿದರು, ಅಂಟುತ್ತಿತ್ತು. ಬೆನ್ನಿನ ಚರ್ಮದ ಕೆಳಗೆ ಸಲೈನ್ ಕೊಟ್ಟರು. ಅಲ್ಲೊಂದು ನಿಂಬೆಕಾಯಿಯಷ್ಟು ಉಬ್ಬು ಎದ್ದು ಮೆಲ್ಲನೆ ಇಳಿಯಿತು.

"ಏನ ಹಾಕ್ತಿದ್ರಿ ಅಕ್ಕಾರ?"

"ಹಾಲು, ಒಣ ರೊಟ್ಟಿ."

"ನೀರು?"

"ಹಾಲ ಹಾಕಿದ ಮ್ಯಾಲ ನೀರ ಯಾಕ್ರಿ?"

ಅವರು ನಗಲಿಲ್ಲ, ಬೈಯಲೂ ಇಲ್ಲ. ಅದೇ ನನಗೆ ಹೆಚ್ಚು ನಾಟಿತು. "ಹಾಲು ನೀರಲ್ರಿ ಅಕ್ಕಾರ. ಈ ಬಿಸಲಾಗ ಹಾಲು ಒಡದು ಭೇದಿ ಆಗ್ತೈತಿ, ಮೈಯಾಗಿನ ಇದ್ದ ನೀರೂ ಹೋಗ್ತೈತಿ. ಮೊದಲ ಇದು ಏನ ತಿಂತಿತ್ತು?"

"ಇಲಿ. ಗಿರಣಿ ಇತ್ತು ನಮ್ದು."

"ಇಲಿ ಮೈಯಾಗ ಭಾಳ ನೀರಿರ್ತೈತ್ರಿ. ಅದನ್ನ ತಿಂದ್ರ ಬೆಕ್ಕಿಗಿ ಅರ್ಧ ನೀರು ಅದ್ರಾಗ ಸಿಗ್ತೈತಿ. ಈಗ ಇಲೀನೂ ಇಲ್ಲ, ನೀರೂ ಇಲ್ಲ."

ಗಿರಣಿ ಹೋಯಿತು, ಹಿಟ್ಟು ಹೋಯಿತು, ಇಲಿ ಹೋದವು. ಇಲಿಯ ಜೊತೆ ಬೆಕ್ಕಿನ ನೀರೂ ಹೋಗಿತ್ತು. ದೋಣಿಯನ್ನು ನಾವೇ ಬೋರಲು ಹಾಕಿದ್ದೆವು. ಲಾರಿಯಲ್ಲಿ ನಾವು ಏನೆಲ್ಲ ಹೇರಿಕೊಂಡು ಬಂದಿದ್ದೆವು ಎಂಬುದು ನನಗೆ ದವಾಖಾನೆಯ ಆ ಮೇಜಿನ ಮುಂದೆ ತಿಳಿಯಿತು.

ಅವರು ಹೇಳಿದ್ದನ್ನು ಬೆರಳು ಮಡಚಿ ನೆನಪಿಟ್ಟುಕೊಂಡೆ. ಅಗಲ ಬಾಯಿಯ ಬಟ್ಟಲು ಬೇಕು, ಮೀಸೆ ಅಂಚಿಗೆ ತಾಗಿದರೆ ಬೆಕ್ಕಿಗೆ ಸೇರುವುದಿಲ್ಲ. ಸ್ಟೀಲು ಬೇಡ, ಮಣ್ಣಿನದಿರಲಿ. ಉಣ್ಣುವ ಜಾಗದ ಹತ್ತಿರ ನೀರಿಡಬಾರದು, ದೂರ ಇಡಬೇಕು. ಒಂದೇ ಕಡೆ ಬೇಡ, ಮೂರು ಕಡೆ, ದಿನವಿಡೀ ಬಿಸಿಲು ಬೀಳದ ಕಡೆ. ರೊಟ್ಟಿಯನ್ನೂ ನೀರಲ್ಲಿ ನೆನೆಸಿಯೇ ಹಾಕಬೇಕು. ಎರಡು ದಿನ ಕಣ್ಣ ಮುಂದೆ ಇಟ್ಟುಕೊಂಡು ನೋಡಿರಿ, ತಾನಾಗಿ ಕುಡಿದರೆ ಉಳಿಯುತ್ತದೆ ಎಂದರು.

ಹಾಗಾಗಿ ನವನಗರಕ್ಕೇ ತಂದೆ. ಗಿರಣಿ ಕೋಣೆಯ ಮೂಲೆಯಲ್ಲಿ ಹಾಸಿಗೆ ಮಾಡಿ, ಸುತ್ತ ಮೂರು ಬಟ್ಟಲು ನೀರಿಟ್ಟೆ. ಬೆಕ್ಕು ಎದ್ದು ಕುಳಿತು ಬಾಗಿಲ ಕಡೆ ಮುಖ ಮಾಡಿತು. ಒಂದು ಹನಿ ಮುಟ್ಟಲಿಲ್ಲ. ನಾನು ಬೆರಳು ಅದ್ದಿ ತುಟಿಗೆ ಹಚ್ಚಿದರೆ ತಲೆ ಆ ಕಡೆ ಹೊರಳಿಸಿತು. ಮರುದಿನವೂ ಅಷ್ಟೇ. ಸಲೈನಿನ ಬಲ ಇಳಿದು ಚರ್ಮ ಮತ್ತೆ ಸಡಿಲವಾಗತೊಡಗಿತು. ಅದು ಸಾಯುತ್ತದೆ ಎಂದು ನನಗೆ ಖಾತ್ರಿಯಾಯಿತು. ಗಂಡ ಹಿಟ್ಟಿನ ಡಬ್ಬಿ ಮುಚ್ಚುತ್ತ "ಅದಕ್ಕ ಹಟ ಭಾಳ ಐತಿ, ನಿನ್ನಂಗ" ಎಂದರು. ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ ಎದ್ದು ಬಂದರು. ಬೆಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಅದರ ಹಣೆಗೆ ಒಂದು ಚಿಟಿಕೆ ವಿಭೂತಿ ಹಚ್ಚಿದರು. ಪೂಜೆಯ ನೀರಿನ ಬಟ್ಟಲಲ್ಲಿ ಬೆರಳು ಅದ್ದಿ, ಹೋಗುವ ಜೀವಕ್ಕೆ ಬಿಡುವಂತೆ, ತುಟಿಯ ಮೇಲೆ ಒಂದು ಹನಿ ಬಿಟ್ಟರು. ಬೆಕ್ಕು ನಾಲಿಗೆ ಹೊರಗೆ ಹಾಕಿ ಅದನ್ನು ನೆಕ್ಕಿತು. ಅವರು ಇನ್ನೊಂದು ಹನಿ ಬಿಟ್ಟರು. ಅದನ್ನು ಮುಟ್ಟಲಿಲ್ಲ, ಮತ್ತೆ ಬಾಗಿಲ ಕಡೆ ನೋಡಿತು.

ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು.

"ಇದ್ರ ನೀರು ಇಲ್ಲಿ ಇಲ್ಲವ್ವಾ. ಅಲ್ಲೇ ಬಿಟ್ಟ ಬಾ."

"ಅಲ್ಲಿ ಸತ್ತರ ಏನ ಮಾಡ್ಲಿ?"

"ಇಲ್ಲಿ ಸಾಯೂದು ಕಣ್ಣಿಗಿ ಕಾಣಾಕತ್ತೈತಿ. ಅಲ್ಲಿ ಸಾಯೂದು ಕಂಡವರ್ಯಾರು? ಒಯ್ಯಿ."

ಈ ಸಲ ಚೀಲ ಕಟ್ಟಲಿಲ್ಲ, ಸುತ್ತು ತಿರುಗಿಸಲಿಲ್ಲ. ಮಡಿಲಲ್ಲಿಟ್ಟುಕೊಂಡು ಟಂಟಂನಲ್ಲಿ ಕುಳಿತೆ. ದಾರಿ ನೋಡಿಕೊಳ್ಳಲಿ ಎಂದು ಅದರ ಮುಖವನ್ನು ಹೊರಗೇ ಮಾಡಿದೆ. ಹಳೇ ಮನೆಯಲ್ಲಿ ನಾವು ಮಲಗುತ್ತಿದ್ದ ಒಳಕೋಣೆಗೆ ಹೋಗಿ, ಗಾರೆ ತಣ್ಣಗಿದ್ದ ಮೂಲೆಯಲ್ಲಿ ಮಣ್ಣಿನ ಬಟ್ಟಲಿಟ್ಟು ನೀರು ಸುರಿದೆ. ಬೆಕ್ಕನ್ನು ಕೆಳಗಿಳಿಸಿ ಹಿಂದೆ ಸರಿದು ನಿಂತೆ. ನನ್ನ ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ನಿಂತವಳಲ್ಲ. ಅದು ಮೊದಲು ಗೋಡೆ ಮೂಸಿತು, ಹೊಸ್ತಿಲು ಮೂಸಿತು, ಬಾಗಿಲ ಚೌಕಟ್ಟು ಇದ್ದ ಗುಂಡಿ ಮೂಸಿತು. ಎಲ್ಲವೂ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಬಟ್ಟಲಿಗೆ ಬಂತು. ತಲೆ ಎತ್ತದೆ ಕುಡಿಯಿತು. ಆ ಖಾಲಿ ಕೋಣೆಯಲ್ಲಿ ನಾಲಿಗೆಯ ಚಪಚಪ ಸಪ್ಪಳ ಬಹಳ ದೊಡ್ಡದಾಗಿ ಕೇಳಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಆಮೇಲಿನ ಮೂರ್ನಾಲ್ಕು ತಿಂಗಳು ನನ್ನ ಬದುಕೆಲ್ಲ ನೀರು ಹೊರುವುದೇ ಆಯಿತು. ಐದು ಲೀಟರಿನ ಕ್ಯಾನು ಹಿಡಿದು ದಿನವೂ ಟಂಟಂ ಹತ್ತುವ ನನ್ನನ್ನು ನೋಡಿ ಡ್ರೈವರು, "ಅಕ್ಕಾರ, ಮುಳುಗೂ ಊರಿಗಿ ನೀರ ಒಯ್ಯಾವ್ರು ನೀವೊಬ್ರ ನೋಡ್ರಿ" ಎನ್ನುತ್ತಿದ್ದ. ನನಗೂ ನಗು ಬರುತ್ತಿತ್ತು. ಗಂಡ ಕೆರೂರ ಸಂತೆಗೆ ಜೋಳ ನೋಡಲು ಹೋದವರು ಅಗಲ ಬಾಯಿಯ ಮಣ್ಣಿನ ಬೋಗುಣಿ ಮೂರು ತಂದು ಕ್ಯಾನಿನ ಪಕ್ಕ ಇಟ್ಟರು. ಒಂದು ಒಳಕೋಣೆಗೆ. ಒಂದು ಗಿರಣಿಯ ಕಲ್ಲು ಕೂರುತ್ತಿದ್ದ ಗುಂಡಿಗೆ, ಅಲ್ಲಿ ನೆಲ ತಂಪು. ಮೂರನೆಯದಕ್ಕೆ ದಿನವಿಡೀ ನೆರಳಿರುವ ಜಾಗ ಮನೆಯಲ್ಲಿ ಇನ್ನು ಉಳಿದದ್ದು ಒಂದೇ, ಅತ್ತೆಯ ದೇವರ ಜಗಲಿ. ಅಲ್ಲೇ ಇಟ್ಟೆ. ಬೆಕ್ಕಿಗೆ ಎಲ್ಲಕ್ಕಿಂತ ಅದೇ ಪ್ರೀತಿಯಾಯಿತು. ಈ ಸಂಗತಿಯನ್ನು ಅತ್ತೆಗೆ ಹೇಳಲಿಲ್ಲ.

ನೀರು ಬದಲಿಸಿ, ಬೋಗುಣಿ ತಿಕ್ಕಿ, ರೊಟ್ಟಿ ನೆನೆಸಿ ಇಟ್ಟರೆ ಕಾಲು ಗಂಟೆಯ ಕೆಲಸ. ನಾನು ಒಂದೂವರೆ ಗಂಟೆ ಕುಳಿತಿರುತ್ತಿದ್ದೆ. ಅಡುಗೆಮನೆಯ ಗೋಡೆಗೆ ಒರಗಿ ಕಾಲು ಚಾಚಿ ಕುಳಿತರೆ ಒಲೆಯ ಮಸಿ ಬೆನ್ನಿಗೆ ಹತ್ತುತ್ತಿತ್ತು. ಮಕ್ಕಳು ಎತ್ತರ ಅಳೆದುಕೊಂಡು ಗೋಡೆಗೆ ಗೀರಿದ ಗೆರೆಗಳು ಹಾಗೇ ಇದ್ದವು. ಕಿಟಕಿ ಇಲ್ಲದ ಕಿಟಕಿಯಿಂದ ಎದುರು ಮನೆಯ ಗೋಡೆ ಕಾಣುತ್ತಿತ್ತು. ಮೊದಲೆಲ್ಲ ಆ ಮನೆಯಾಕೆ ಕೂಗಿದರೆ ನಾನು ಇಲ್ಲಿಂದಲೇ ಓಗೊಡುತ್ತಿದ್ದೆ. ಒಮ್ಮೆ ಯಾರೂ ಇಲ್ಲವೆಂದು ಗೊತ್ತಿದ್ದೂ ಸುಮ್ಮನೆ ಅವಳನ್ನು ಕೂಗಿ ನೋಡಿದೆ. ಬೆಕ್ಕು ತಲೆ ಎತ್ತಿ ನನ್ನನ್ನು ನೋಡಿತು, ಮತ್ತೆ ಮಲಗಿತು. ನನ್ನ ಹುಚ್ಚು ಅದಕ್ಕೆ ತಿಳಿದಿತ್ತು.

ಬೆಕ್ಕಿಗೆ ನೀರು ಬೇಕಾಗಿತ್ತು, ನಿಜ. ಆದರೆ ಬೆಕ್ಕಿಗೆ ನೀರು ಬೇಕು ಎಂಬುದು ನನಗೆ ಅದಕ್ಕಿಂತ ಹೆಚ್ಚು ಬೇಕಾಗಿತ್ತು. ಇದನ್ನು ಮೇ ತಿಂಗಳಲ್ಲೇ ನಾನು ನನ್ನೊಳಗೆ ಒಪ್ಪಿಕೊಂಡಿದ್ದೆ. ಹಾಗೆಂದು ಒಂದು ದಿನವೂ ತಪ್ಪಿಸಲಿಲ್ಲ. ದಿನವೂ ಹೆಗಲ ಚರ್ಮ ಚಿವುಟಿ ನೋಡುತ್ತಿದ್ದೆ. ಚಿವುಟಿ ಬಿಟ್ಟ ಕೂಡಲೇ ಅದು ಟಪ್ಪನೆ ಕೂಡುವಂತಾಯಿತು. ಮೈ ತುಂಬಿತು.

ಜೂನಿನಲ್ಲಿ ಮೋಡ ಬಂದವು, ನಾಲ್ಕು ಹನಿ ಉದುರಿ ಹೋದವು. ನಮ್ಮಲ್ಲಿ ಮಳೆ ಬರದಿದ್ದರೂ ನೀರು ಬರುತ್ತದೆ. ಮಹಾರಾಷ್ಟ್ರದ ಕಡೆ ಮಳೆ ಹತ್ತಿದರೆ ಸಾಕು, ಅಣೆಕಟ್ಟು ತುಂಬುತ್ತ ಬಂದಂತೆ ಹಿನ್ನೀರು ನಮ್ಮೂರ ಬುಡಕ್ಕೆ ಸದ್ದಿಲ್ಲದೆ ಬಂದು ಕೂಡುತ್ತದೆ. ಗೊತ್ತಿದ್ದ ಸಂಗತಿಯೇ. ಆದರೂ ನಾನು ಅದನ್ನು ಬೆಕ್ಕಿಗೆ ಜೋಡಿಸಿ ಯೋಚಿಸಿರಲಿಲ್ಲ.

ಆಗಸ್ಟಿನ ಒಂದು ದಿನ ಎಂದಿನಂತೆ ಹೋದೆ. ಬೆಕ್ಕು ಕಟ್ಟೆಯ ಮೇಲಿರಲಿಲ್ಲ. ಅಷ್ಟರಲ್ಲಿ ಓಣಿಯ ಕೆಳತುದಿಯಿಂದ ಅದು ನಿಧಾನವಾಗಿ ನಡೆದು ಬಂತು. ಗದ್ದ ಒದ್ದೆ, ಮುಂಗಾಲು ಎರಡೂ ಒದ್ದೆ. ನಾನು ಸುರಿದ ನೀರನ್ನು ಬಗ್ಗಿ ಮೂಸಿತು, ಕುಡಿಯಲಿಲ್ಲ, ಪಕ್ಕಕ್ಕೆ ಸರಿದು ಮೈ ನೆಕ್ಕತೊಡಗಿತು. ಕಾಯಿಲೆಯೋ ಎಂದು ಚರ್ಮ ಚಿವುಟಿದೆ. ಟಪ್ಪನೆ ಕೂಡಿತು. ಧೂಳಿನಲ್ಲಿ ಅದರ ಒದ್ದೆ ಹೆಜ್ಜೆಗಳಿದ್ದವು. ಅವನ್ನು ಹಿಡಿದು ಕೆಳಗೆ ಹೋದೆ, ಬೆಕ್ಕೂ ಹಿಂದೆ ಬಂತು.

ಓಣಿಯ ಕೊನೆಯ ಮನೆಯ ಮೂರು ಮೆಟ್ಟಿಲುಗಳಲ್ಲಿ ಎರಡು ಕಾಣುತ್ತಿರಲಿಲ್ಲ. ಅಲ್ಲಿಂದ ಆಚೆ ಎಲ್ಲ ನೀರು. ಜಾಲಿಕಂಟಿಗಳು ಕುತ್ತಿಗೆವರೆಗೆ ಮುಳುಗಿ ನಿಂತಿದ್ದವು. ಬೆಕ್ಕು ನನ್ನನ್ನು ದಾಟಿ ಮುಂದೆ ಹೋಯಿತು. ಮುಂಗಾಲು ನೀರಲ್ಲೇ ಊರಿ, ಬಗ್ಗಿ, ಇನ್ನೊಂದಿಷ್ಟು ಕುಡಿಯಿತು. ತನ್ನದೇ ನೀರು ಎಂಬಂತೆ.

ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಬೇಸಿಗೆ ದಾಟಿತ್ತು, ಬೆಕ್ಕು ಉಳಿದಿತ್ತು. ಆಮೇಲೆ ಸಿಟ್ಟು ಬಂತು, ಆ ನೀರಿನ ಮೇಲೆ. ಮನೆ ತೆಗೆದುಕೊಂಡೆ, ಓಣಿ ತೆಗೆದುಕೊಂಡೆ, ಈಗ ನಾನು ಇಲ್ಲಿಗೆ ಬರುವುದಕ್ಕಿದ್ದ ಒಂದು ನೆಪವನ್ನೂ ತೆಗೆದುಕೊಂಡೆಯಾ ಎಂದು. ಉಳಿದ ಒಂದು ಮೆಟ್ಟಿಲ ಮೇಲೆ ಕುಳಿತು ಬಾಯಿ ಬಿಟ್ಟು ಅತ್ತುಬಿಟ್ಟೆ. ಕೇಳುವವರು ಯಾರಿದ್ದರು? ಬೆಕ್ಕು ತನ್ನ ಪಾಡಿಗೆ ಗೋಡೆ ಹತ್ತಿ ಹೋಯಿತು.

ಮನೆಗೆ ಬಂದಾಗ ಕ್ಯಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಹಾಗೇ ಇತ್ತು. ಗಂಡ ಅದನ್ನೇ ನೋಡಿದರು. ಅತ್ತೆ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಏನಾತು?" ಎಂದರು ಗಂಡ.

"ಹಿನ್ನೀರ ಓಣಿಗಿ ಬಂದೈತ್ರಿ. ಅಲ್ಲೇ ಕುಡಿಯಾಕತ್ತೈತಿ. ನಮ್ಮ ನೀರ ಮುಟ್ಲಿಲ್ಲ."

"ಛಲೋ ಆತಲ. ಹಂಗಾದ್ರ ನೀ ಇನ್ನ ಹೋಗೂದು ಮುಗೀತು."

ಅವರು ಒಳ್ಳೆಯದಕ್ಕೇ ಹೇಳಿದ್ದು. ಕ್ಯಾನು ಹಿಡಿದು ಹಾಗೇ ನಿಂತೆ. ಮೊರದ ಸಪ್ಪಳ ನಿಂತಿತು.

"ಮುಗಿಯೂದು ಹ್ಯಾಂಗ?" ಎಂದರು ಅತ್ತೆ, ತಲೆ ಎತ್ತದೆ. "ಬರೇ ನೀರ ಕುಡದ್ರ ಜೀವ ನಿಲ್ತೈತೇನು? ರೊಟ್ಟಿ ಬ್ಯಾಡೇನು ಅದಕ್ಕ?"

ಅತ್ತೆ ಒಂದು ಕಲ್ಲಿನ ಹರಳು ಆರಿಸಿ ಪಕ್ಕಕ್ಕೆ ಹಾಕಿದರು, ಇನ್ನೊಂದು ಆರಿಸಿದರು.

"ನಾಳಿ ರೊಟ್ಟಿ ನಾ ಬಡಿತೇನಿ. ನನ್ನೂ ಕರಕೊಂಡ ಹೋಗು. ಒಳಗ ಬರೂದಿಲ್ಲ. ಕಟ್ಟಿ ಮ್ಯಾಲ ಕುಂತು ಬರ್ತೇನಿ."

ನಾನು ಕ್ಯಾನು ಇಟ್ಟು ಮೊರದ ಇನ್ನೊಂದು ಬದಿಗೆ ಕುಳಿತೆ. ಅವರ ಜೊತೆ ಜೋಳ ಹಸನು ಮಾಡತೊಡಗಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಆ ದಿನದ ಜೋಳದಲ್ಲಿ ಎಷ್ಟು ಹರಳು ಉಳಿದವೋ, ಇಬ್ಬರಿಗೂ ಕಾಣುತ್ತಿರಲಿಲ್ಲ.